ಅಳಿಸಿಹೋದ ಕೇಸು, ಅರ್ಜಿಯ ಪ್ರಶ್ನೆ

ಚಿರಂಜೀವಿ ನಿಖಿಲನಿಗೆ ಸೋದರಮಾವನ ಆಶೀರ್ವಾದಗಳು.

ಅಮೆರಿಕದ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಅರೆಸ್ಟ್ ಬಗ್ಗೆ ಕೇಳುವ ಕಡೆ ‘ಇಲ್ಲ’ ಎಂದು ಗುರುತು ಹಾಕಬಹುದೇ ಎಂದು ಕೇಳಿದ್ದೀಯ. ಹಾಕಬೇಡ. ಹದಿನಾರನೇ ವಯಸ್ಸಿನಲ್ಲಿ ಅಂಗಡಿಯಿಂದ ಸಾಮಾನು ಎತ್ತಿಕೊಂಡ ಆ ಕೇಸನ್ನು ಕೋರ್ಟು ಎಕ್ಸ್‌ಪಂಜ್ ಮಾಡಿದೆ, ಅಂದರೆ ದಾಖಲೆಯಿಂದ ಅಳಿಸಿದೆ. ಇನ್ನು ಯಾರು ಕೇಳಿದರೂ ಹೇಳಬೇಕಿಲ್ಲ ಎಂದು ಆಗಿನ ವಕೀಲರೂ ಹೇಳಿದ್ದರು. ಕೆಲಸಕ್ಕೋ ಬಾಡಿಗೆ ಮನೆಗೋ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಆ ಮಾತು ನಡೆಯುತ್ತದೆ. ಆದರೆ ಅಳಿಸಿದ್ದು ರಾಜ್ಯದ ಕಾನೂನು, ವಲಸೆ ಇರುವುದು ಫೆಡರಲ್ (ಕೇಂದ್ರ) ಸರ್ಕಾರದ ಕೈಯಲ್ಲಿ. ರಾಜ್ಯದ ಕೋರ್ಟು ಅಳಿಸಿದ ಮಾತ್ರಕ್ಕೆ ವಲಸೆ ಕಾನೂನಿನ ಲೆಕ್ಕದಲ್ಲಿ ಶಿಕ್ಷೆ ಅಳಿಯುವುದಿಲ್ಲ ಎಂದು ವಲಸೆ ಮೇಲ್ಮನವಿ ಮಂಡಳಿ 1999ರಲ್ಲೇ ರೋಲ್ಡಾನ್ ಪ್ರಕರಣದಲ್ಲಿ ಹೇಳಿದೆ.

ಅದೇ ಮಂಡಳಿ ಮರುವರ್ಷ ಡೆವಿಸನ್ ಪ್ರಕರಣದಲ್ಲಿ ಹೇಳಿದ್ದು ನಿನ್ನಂಥವರಿಗೆ ಇನ್ನೂ ಮುಖ್ಯ. ಜುವೆನೈಲ್ ಕೋರ್ಟಿನಲ್ಲಿ ತಪ್ಪಿತಸ್ಥ ಎಂದು ತೀರ್ಮಾನವಾದರೆ ಅದು ವಲಸೆ ಕಾನೂನಿನಲ್ಲಿ ‘ಕನ್ವಿಕ್ಷನ್’ (ಅಪರಾಧ ಸಾಬೀತಾಗಿ ಶಿಕ್ಷೆ) ಅಲ್ಲ. ಅಂದರೆ ನಿನ್ನನ್ನು ಕಾಪಾಡುವುದು ಎಕ್ಸ್‌ಪಂಜ್ ಆದೇಶವಲ್ಲ, ಕೇಸು ಬಾಲಾಪರಾಧಿಗಳ ಕೋರ್ಟಿನಲ್ಲೇ ಮುಗಿದದ್ದು. ಹೆಚ್ಚಿನವರು ಎಡವುವುದು ಇಲ್ಲೇ, ಆದೇಶದ ಕಾಗದವನ್ನು ನೆಚ್ಚಿಕೊಂಡು ಇದನ್ನು ಮರೆಯುತ್ತಾರೆ. ವಯಸ್ಕರ ಕೋರ್ಟಿಗೆ ವರ್ಗವಾಗಿದ್ದರೆ ಲೆಕ್ಕವೇ ಬೇರೆ. ಆಗಲೂ ಹದಿನೆಂಟು ತುಂಬುವ ಮೊದಲು ಮಾಡಿದ ಒಂದೇ ಅಪರಾಧವಾಗಿದ್ದು, ಮಾಡಿದ ದಿನಕ್ಕೂ ಜೈಲಿನಲ್ಲಿದ್ದರೆ ಬಿಡುಗಡೆಯಾದ ದಿನಕ್ಕೂ ಅರ್ಜಿಯ ದಿನಕ್ಕೂ ನಡುವೆ 5 ವರ್ಷ ಮೀರಿದ್ದರೆ, ಕಳ್ಳತನದಂಥ ನೈತಿಕ ಅಪರಾಧಗಳಿಗೆ ಕಾನೂನಿನಲ್ಲೇ ಒಂದು ವಿನಾಯಿತಿ ಇದೆ. ಮಾದಕ ವಸ್ತುವಿನ ಕೇಸಿಗೆ ಆ ವಿನಾಯಿತಿ ಸಿಗುವುದಿಲ್ಲ. ಅಷ್ಟೇ ಅಲ್ಲ, ಮಾದಕ ವಸ್ತು ಮಾರಾಟದ ಶಂಕೆಯಿದ್ದರೆ ಕನ್ವಿಕ್ಷನ್ ಇಲ್ಲದಿದ್ದರೂ ಅರ್ಜಿ ಬೀಳಬಹುದು. ನಿನ್ನ ಕೇಸಿನಲ್ಲಿ ಅದಿಲ್ಲ ಎಂದು ಪತ್ರದಿಂದ ತಿಳಿಯಿತು.

ಹೀಗಾಗಿ ಆ ಕಳ್ಳತನದಿಂದ ನಿನ್ನ ಅರ್ಜಿ ಬೀಳುವ ಸಂಭವ ಕಡಿಮೆ. ‘ಇಲ್ಲ’ ಎಂದು ಬರೆದರೆ ಬೀಳುವ ಸಂಭವ ಹೆಚ್ಚು. ಬೇಕೆಂದೇ ಸುಳ್ಳು ಹೇಳಿ ವಲಸೆಯ ಲಾಭ ಪಡೆಯಲು ಹೊರಟರೆ, ಮತ್ತು ಆ ಸುಳ್ಳು ತೀರ್ಮಾನಕ್ಕೆ ಸಂಬಂಧಿಸಿದ್ದಾದರೆ, ಜೀವನಪರ್ಯಂತ ಅನರ್ಹತೆ. ಅದಕ್ಕೆ ಮಾಫಿ ಬೇಕಾದರೆ ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಆದ ಗಂಡ, ಹೆಂಡತಿ, ತಂದೆ ಅಥವಾ ತಾಯಿಗೆ ತೀವ್ರ ಕಷ್ಟವಾಗುತ್ತದೆಂದು ರುಜುವಾತು ಮಾಡಬೇಕು. ಮುಚ್ಚಿಟ್ಟರೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡ. ಬಯೋಮೆಟ್ರಿಕ್ಸ್ ದಿನ ಕೊಡುವ ಬೆರಳಚ್ಚು ಎಫ್‌ಬಿಐಗೆ ಹೋಗುತ್ತದೆ. ರಾಜ್ಯದ ಕಡತ ಮುಚ್ಚಿದರೂ ಆಗ ಪೊಲೀಸರು ಕಳಿಸಿದ ನಮೂದು ಅಲ್ಲಿ ಉಳಿದಿರಬಹುದು.

ಈಗ ಅರ್ಜಿಯ ವಿಷಯ. ಐ-485ರಲ್ಲಿ, ಅಂದರೆ ಗ್ರೀನ್ ಕಾರ್ಡ್ ಅರ್ಜಿಯ ನಮೂನೆಯಲ್ಲಿ, ಪ್ರಶ್ನೆ ಅರೆಸ್ಟಿಗೆ ಮಾತ್ರ ಸೀಮಿತವಲ್ಲ. ಪೊಲೀಸರು ಚೀಟಿ ಕೊಟ್ಟಿದ್ದರೂ, ಆರೋಪ ಹೊರಿಸಿದ್ದರೂ, ತಡೆದು ಇಟ್ಟುಕೊಂಡಿದ್ದರೂ ಅದು ಸೇರುತ್ತದೆ. ‘ಕೋಳ ಹಾಕಲಿಲ್ಲ, ಅಪ್ಪ ಬಂದು ಕರೆದುಕೊಂಡು ಹೋದರು’ ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ವಿಚಾರಣೆಯ ಬದಲು ಕಳಿಸುವ ಡೈವರ್ಷನ್ ಕಾರ್ಯಕ್ರಮ ಮುಗಿಸಿ ಕೇಸೇ ವಜಾ ಆಗಿದ್ದರೂ ಈ ಪ್ರಶ್ನೆಗೆ ಉತ್ತರ ‘ಹೌದು’. ಆದರೆ ಕನ್ವಿಕ್ಷನ್ ಬಗ್ಗೆ ಬೇರೆಯೇ ಪ್ರಶ್ನೆ ಇದೆ. ಭಯದಿಂದ ಅದಕ್ಕೂ ‘ಹೌದು’ ಎಂದರೆ ಇಲ್ಲದ ಶಿಕ್ಷೆಯನ್ನು ನೀನೇ ಒಪ್ಪಿಕೊಂಡಂತಾಗುತ್ತದೆ. ಯಾವತ್ತಾದರೂ ಅಪರಾಧ ಮಾಡಿದ್ದೀಯಾ ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ; ಬಾಲಾಪರಾಧ ಕಾನೂನಿನ ಅರ್ಥದಲ್ಲಿ ಅಪರಾಧವೇ ಅಲ್ಲ ಎಂಬ ವಾದವಿದೆ. ಅಲ್ಲಿ ಏನು ಬರೆಯಬೇಕೆಂದು ವಲಸೆ ವಕೀಲರೇ ತೀರ್ಮಾನಿಸಲಿ. ಹಿಂದಿನ ಕ್ರಿಮಿನಲ್ ವಕೀಲರನ್ನು ಕೇಳಿದರೆ ಮತ್ತೆ ಹಳೆಯ ಉತ್ತರವೇ ಬರುತ್ತದೆ.

ಕಾಗದಗಳನ್ನು ಮೊದಲು ಒಟ್ಟುಮಾಡು, ಅರ್ಜಿ ಆಮೇಲೆ. ಬೇಕಾದವು: ಆರೋಪದ ಅರ್ಜಿ, ಕೋರ್ಟಿನ ಅಂತಿಮ ಡಿಸ್ಪೊಸಿಷನ್ (ತೀರ್ಮಾನದ ದಾಖಲೆ), ಪ್ರೊಬೇಷನ್ (ಕೋರ್ಟಿನ ನಿಗಾ ಅವಧಿ) ಮತ್ತು ಪರಿಹಾರದ ಹಣ ಮುಗಿದದ್ದಕ್ಕೆ ಪುರಾವೆ, ಎಕ್ಸ್‌ಪಂಜ್ ಆದೇಶ. ಪ್ರತಿಯೊಂದಕ್ಕೂ ಗುಮಾಸ್ತರ ಮೊಹರಿರುವ ದೃಢೀಕೃತ ಪ್ರತಿ ಬೇಕು, ಬರೀ ಜೆರಾಕ್ಸ್ ಸಾಲದು. ತೊಂದರೆ ಬರುವುದು ಇಲ್ಲಿ: ಮುಚ್ಚಿದ ಕಡತವನ್ನು ಕೌಂಟರಿನಲ್ಲಿ ಕೇಳಿದರೆ ‘ದಾಖಲೆ ಇಲ್ಲ’ ಎನ್ನುತ್ತಾರೆ, ಹಾಗೆ ಹೇಳುವುದೇ ಅವರಿಗಿರುವ ಆದೇಶ. ಸುಮ್ಮನೆ ವಾಪಸ್ ಬರಬೇಡ. ನಿನ್ನ ಕಡತವನ್ನು ನೀನು ನೋಡಲು ಅದೇ ಕೋರ್ಟಿಗೆ ಲಿಖಿತ ಮನವಿ ಹಾಕು. ಕಡತ ನಾಶವಾಗಿದ್ದರೆ, ಹುಡುಕಿದೆವು ಸಿಗಲಿಲ್ಲ ಎಂಬ ದೃಢೀಕೃತ ಪತ್ರ ಪಡೆ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಬಾಲಾಪರಾಧದ ಕಡತ ಗೌಪ್ಯ. ಅದನ್ನು ಫೆಡರಲ್ ಅಧಿಕಾರಿಗಳ ಕೈಗೆ ಕೊಡಲೂ ನ್ಯಾಯಾಧೀಶರ ಅನುಮತಿ ಬೇಕು. ಅಂಥ ಕಡೆ ಘಟನೆಯ ವಿವರ ಬರೆದು, ಕಾಗದ ಏಕೆ ಕೊಡಲಾಗದು ಎಂಬುದಕ್ಕೆ ಆ ರಾಜ್ಯದ ಕಾನೂನನ್ನೇ ಪುರಾವೆಯಾಗಿ ಲಗತ್ತಿಸುತ್ತಾರೆ. ಕೇಳದೆ ಇದ್ದರೆ ಪೊಲೀಸರ ಇಡೀ ವರದಿಯನ್ನು ಕಳಿಸಬೇಡ, ಅದರಲ್ಲಿ ರುಜುವಾತಾಗದ ಮಾತುಗಳೂ ಇರುತ್ತವೆ.

ಇದರ ಜೊತೆಗೆ ಎಫ್‌ಬಿಐಯಿಂದ ನಿನ್ನದೇ ದಾಖಲೆ ತರಿಸಿಕೋ, ಶುಲ್ಕ 18 ಡಾಲರ್. ಅಧಿಕಾರಿಯ ಮುಂದೆ ಏನಿರುತ್ತದೆಂದು ಮೊದಲೇ ಅಂದಾಜಾಗುತ್ತದೆ. ಅದರಲ್ಲಿ ಏನೂ ಬರದಿದ್ದರೆ ‘ಹೌದು’ವನ್ನು ‘ಇಲ್ಲ’ ಮಾಡಿಬಿಡೋಣ ಎಂಬ ಆಸೆ ಹುಟ್ಟುತ್ತದೆ. ಅರ್ಜಿಯಲ್ಲಿ ಕೇಳಿರುವುದು ನಿನ್ನ ಜೀವನದಲ್ಲಿ ನಡೆದದ್ದನ್ನು, ಎಫ್‌ಬಿಐ ಕಡತದಲ್ಲಿರುವುದನ್ನಲ್ಲ.

ವಿವರಣೆಯನ್ನು ಹೆಚ್ಚುವರಿ ಮಾಹಿತಿಯ ಪುಟದಲ್ಲಿ ಬರೆ. ಪುಟ, ಭಾಗ, ಪ್ರಶ್ನೆಯ ಸಂಖ್ಯೆ ನಮೂದಿಸು. ದಿನಾಂಕ, ಊರು, ಆಗಿನ ವಯಸ್ಸು, ಆರೋಪ, ಯಾವ ಕೋರ್ಟು, ಏನು ತೀರ್ಮಾನ, ಯಾವಾಗ ಮುಗಿಯಿತು. ನಾಲ್ಕೈದು ಸಾಲು ಸಾಕು. ಪಶ್ಚಾತ್ತಾಪದ ಪುಟಗಟ್ಟಲೆ ಬರಹ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಕಾಣುತ್ತದೆ. ಆದರೆ ಗ್ರೀನ್ ಕಾರ್ಡ್ ಕೊಡುವುದರಲ್ಲಿ ಅಧಿಕಾರಿಯ ವಿವೇಚನೆಗೂ ಜಾಗವಿದೆ, ಹಾಗಾಗಿ ಓದು, ಕೆಲಸ, ತೆರಿಗೆಯ ಕಾಗದಗಳನ್ನು ಬೇರೆಯಾಗಿ ಜೋಡಿಸಿಡು. ಸಂದರ್ಶನದಲ್ಲಿ ಪ್ರಮಾಣ ಮಾಡಿಸಿ ಇದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ, ಕಾಗದದಲ್ಲಿರುವಷ್ಟನ್ನೇ ಹೇಳು.

ಇನ್ನೊಂದು ವಿಷಯ ನೀನು ಕೇಳಿಲ್ಲ, ಆದರೆ ನನಗೆ ಹೆಚ್ಚು ಚಿಂತೆ ಅದರದ್ದೇ. ಆ ಘಟನೆಯಾದ ಮೇಲೆ ವೀಸಾ ಸ್ಟಾಂಪಿಂಗಿಗೆ ಭಾರತಕ್ಕೆ ಹೋಗಿದ್ದೆಯಲ್ಲ, ಆಗಿನ ವೀಸಾ ಅರ್ಜಿ ಡಿಎಸ್-160ರಲ್ಲೂ ಅರೆಸ್ಟಿನ ಪ್ರಶ್ನೆ ಇತ್ತು. ಅಪ್ಪ ತುಂಬಿದ್ದರೋ, ಏಜೆಂಟ್ ತುಂಬಿದ್ದನೋ, ಏನು ಬರೆದಿದೆ ಎಂದು ಹುಡುಕು. ‘ಇಲ್ಲ’ ಎಂದಿದ್ದರೆ ಗಾಬರಿಯಾಗಬೇಡ, ನೀನೇ ಪತ್ರ ಬರೆದು ತಿದ್ದಲೂ ಹೋಗಬೇಡ. ಅದು ಬೇಕೆಂದೇ ಹೇಳಿದ್ದೇ, ತೀರ್ಮಾನಕ್ಕೆ ಸಂಬಂಧಿಸಿದ್ದೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅರ್ಜಿ ಹಾಕುವ ಮೊದಲೇ ವಕೀಲರ ಮುಂದಿಡು. ಅಲ್ಲಿಯವರೆಗೆ ದೇಶ ಬಿಟ್ಟು ಪ್ರಯಾಣ ಬೇಡ, ಮದುವೆ ಮನೆಗೂ ಬೇಡ. ಅಮ್ಮನಿಗೆ ನಾನು ಹೇಳುತ್ತೇನೆ.

ಅರ್ಜಿ ಹಾಕಿದ ಮೇಲೆ ಹೆಚ್ಚಿನ ಪುರಾವೆ ಕೇಳಿ ಪತ್ರ ಬಂದರೆ ಅದರಲ್ಲಿರುವ ಕೊನೆಯ ದಿನಾಂಕ ನೋಡು. ಹೆಚ್ಚೆಂದರೆ 84 ದಿನ ಕೊಡುತ್ತಾರೆ, ಮುಂದೂಡುವುದಿಲ್ಲ. ಕೋರ್ಟಿನಿಂದ ದೃಢೀಕೃತ ಪ್ರತಿಗಳನ್ನು ಮೂರು ಸೆಟ್ ತೆಗೆಸು: ಕಳಿಸಲು ಒಂದು, ಸಂದರ್ಶನಕ್ಕೆ ಒಂದು, ಮನೆಯಲ್ಲಿಡಲು ಒಂದು. ಪೌರತ್ವದ ಅರ್ಜಿ ಎನ್-400ರಲ್ಲಿ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಅಳಿಸಿದ ಕೇಸೂ ಸೇರಿ ಎಂದು ಅಲ್ಲಿಯೂ ಸ್ಪಷ್ಟವಾಗಿ ಬರೆದಿರುತ್ತದೆ. ಆ ಹೊತ್ತಿಗೆ ಕೋರ್ಟು ಕಡತವನ್ನೇ ನಾಶಮಾಡಿರಬಹುದು.

ಇಂತಿ ನಿನ್ನ ಮಾವ