ಟೈಪಿಂಗ್ ಮೇಜಿನ ಹಿರಿಯರಿಗೆ ವಂದನೆ

ನಮ್ಮ ಆಸ್ತಿ ಖಾತೆಯ ಮೇಲ್ಮನವಿಗೆ ಉಪವಿಭಾಗಾಧಿಕಾರಿಗಳು ಕೊಟ್ಟ ಇಂಗ್ಲಿಷ್ ಆದೇಶದ ಕೊನೆಯ ಸಾಲಲ್ಲಿ ‘ರಿಮಿಟೆಡ್’ (remitted) ಎಂದಿತ್ತು. ದುಡ್ಡು ಕಟ್ಟಬೇಕೋ, ಮೇಲ್ಮನವಿ ಬಿದ್ದುಹೋಯಿತೋ ತಿಳಿಯದೆ ನಿಂತಿದ್ದಾಗ ಕೋರ್ಟ್ ಆವರಣದ ಟೈಪಿಂಗ್ ಮೇಜಿನ ಹಿರಿಯರೊಬ್ಬರು ಅರ್ಧಂಬರ್ಧ ಟೈಪಾಗಿದ್ದ ಅಫಿಡವಿಟ್ ಬಿಟ್ಟು, ಸ್ಟೂಲ್ ಎಳೆದು ಕೂರಿಸಿದರು.

“ಕ್ರಿಯಾಪದ ಇರಲಿ, ಮೊದಲು ಅದರ ಕರ್ಮಪದ ಹುಡುಕಿ” ಅಂದರು. ಶುಲ್ಕವನ್ನು ರಿಮಿಟ್ ಮಾಡು ಅಂದರೆ ಪಾವತಿಸು, ನಾಮಪದ ರಿಮಿಟೆನ್ಸ್. ಶಿಕ್ಷೆಯನ್ನು ರಿಮಿಟ್ ಮಾಡಿದರೆ ಕಡಿತ. ಆಗ ನಾಮಪದ ರಿಮಿಷನ್. ಸಂವಿಧಾನದ 161ನೇ ವಿಧಿ ರಾಜ್ಯಪಾಲರಿಗೆ ಕೊಡುವ ಅಧಿಕಾರಗಳಲ್ಲಿ ಇದೂ ಒಂದು. ಪಕ್ಕದಲ್ಲೇ ಬರುವ ಕಮ್ಯೂಟ್ ಬೇರೆ: ಅಲ್ಲಿ ಶಿಕ್ಷೆಯ ಬಗೆಯೇ ಬದಲಾಗುತ್ತದೆ, ಇಲ್ಲಿ ಪ್ರಮಾಣ ಮಾತ್ರ ಇಳಿಯುತ್ತದೆ. ಎಷ್ಟೋ ವರದಿಗಳು ಇವೆರಡನ್ನೂ ಕಲಸಿಬಿಡುತ್ತವೆ. ಇನ್ನು ಪ್ರಕರಣವೇ ರಿಮಿಟ್ ಆಗಿ, ಮುಂದೆ ‘ಟು’ (to) ಬಂದರೆ ಕೆಳಗಿನ ಅಧಿಕಾರಿಗೆ ಮರುಪರಿಶೀಲನೆಗೆ ವಾಪಸ್.

ನಮ್ಮದು ಇದೇ. ‘ಟು’ ಕೆಳಗೆ ಪೆನ್ಸಿಲ್ ಗೆರೆ ಎಳೆದು, ‘ತಹಶೀಲ್ದಾರ್’ ಸುತ್ತ ಸೊನ್ನೆ ಸುತ್ತಿದರು. ಕಟ್ಟುವುದೇನಿಲ್ಲ, ಕೇಸು ಜೀವಂತ! ಎದೆಭಾರ ಇಳಿಯಿತು.

ಅರ್ಜಿಯಲ್ಲಿ ಬರೆಯುವಾಗ ಭೂತಕಾಲಕ್ಕೆ ‘ಟಿ’ ಎರಡು ಬೇಕೆಂದು ನೆನಪಿಸಿ, ಕಾಫಿಗೆಂದು ಕೊಟ್ಟ ಕಾಸನ್ನೂ ಮುಟ್ಟದೆ ಅಫಿಡವಿಟ್‌ಗೆ ಮರಳಿದರು. ಹೆಸರು ಕೇಳಲಾಗಲಿಲ್ಲ. ಧನ್ಯವಾದ ಸಾರ್.