ಬ್ವಿಂಡಿ ಗೊರಿಲ್ಲಾ ಸಫಾರಿ: ಹೊರಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಉಗಾಂಡಾಕ್ಕೆ ಬರುವವರು ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಹಾಕಿಸಿ 10 ದಿನ ಆದಮೇಲಷ್ಟೇ ಸರ್ಟಿಫಿಕೇಟ್ ನಡೆಯುತ್ತದೆ. ಅದನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ, ವಾಪಸ್ ಬರುವಾಗಲೂ ಬೇಕು.

ಬ್ವಿಂಡಿ ಕಾಡಿನಲ್ಲಿ ಒಂದು ಗೊರಿಲ್ಲಾ ಕುಟುಂಬದ ಹತ್ತಿರ ದಿನಕ್ಕೆ 8 ಪ್ರವಾಸಿಗಳನ್ನಷ್ಟೇ ಬಿಡುತ್ತಾರೆ. ಅದೂ ಒಂದೇ ಗಂಟೆ. ಅವು ಎಲ್ಲಿವೆಯೋ ಅಲ್ಲಿಗೆ ನಾವೇ ಹತ್ತಬೇಕು ಅಲ್ವಾ? ಬೇಗ ಸಿಗಬಹುದು, ಮಧ್ಯಾಹ್ನವೂ ಆಗಬಹುದು. ಕೆಸರು, ಏರು, ಮುಟ್ಟಿದರೆ ತುರಿಸುವ ಗಿಡಗಳು ಬೇರೆ. ತುಂಬುತೋಳಿನ ಅಂಗಿ, ದಪ್ಪ ಕೈಗವಸು ತನ್ನಿ. ಬ್ಯಾಗ್ ಹೊರಲು ಊರಿನವರು ಸಿಗುತ್ತಾರೆ. ಅಲ್ಲಿ ಜಿಪುಣತನ ಬೇಡ, ಏರಿನಲ್ಲಿ ಕೈಹಿಡಿದು ಎಳೆಯುವವರೂ ಅವರೇ.

ನೆಗಡಿ, ಕೆಮ್ಮು ಇದ್ದರೆ ಮುಚ್ಚಿಡಬೇಡಿ. ನಮ್ಮ ಕಾಯಿಲೆ ಗೊರಿಲ್ಲಾಗಳಿಗೂ ಅಂಟುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಉಗಾಂಡಾದ ಇನ್ನೊಂದು ಕಾಡು ಕಿಬಾಲೆಯಲ್ಲಿ ಚಿಂಪಾಂಜಿಗಳನ್ನು ನೋಡಲು ಬೇರೆ ಪರ್ಮಿಟ್. ಬೇಕಾದವರು ಇಲ್ಲೇ ಹೆಸರು ಹಾಕಿ.