ನಾಯಿ-ಬೆಕ್ಕಿನ ಹರಟೆಗೆ ನೂರು ಕಂತು: ಕೈಹಚ್ಚಿದವರಿಗೆಲ್ಲ ಶರಣು

ಕಲಬುರಗಿಯ ವಾರದ ಪುರವಣಿಯಲ್ಲಿ ಬರುವ ಸಾಕುಪ್ರಾಣಿಗಳ ಹರಟೆ ಈ ಭಾನುವಾರ ನೂರು ಕಂತು ಮುಗಿಸಿತು. ಬರೆದವರ ಹೆಸರು ಮೇಲೆ ಅಚ್ಚಾಗುತ್ತದೆ, ತಿದ್ದಿದವರ ಹೆಸರು ಎಲ್ಲೂ ಇರುವುದಿಲ್ಲ. ಕೇಳಿದರೆ ಅವರಿಗೆ ಹೆಸರು ಬೇಡವಂತೆ. ಆಯಿತು, ಅವರು ಮಾಡಿದ ಕೆಲಸವನ್ನಾದರೂ ಹೇಳುತ್ತೇವೆ.

ಮೊದಲ ಶರಣು ಬೀದರಿನ ಪಶುವೈದ್ಯರಿಗೆ. ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವ ಊರು ಅದು. ಅಲ್ಲಿಂದ ಬಂದ ಕೆಂಪು ಗೆರೆಗೆ ಎದುರು ಮಾತಿಲ್ಲ. ಅವರು ಕರಡು ಓದುವುದು ನಗಲಿಕ್ಕಲ್ಲ. ಓದಿದವರು ಮನೆಯಲ್ಲಿ ಮಾಡಿ ನೋಡಿದರೆ ಏನಾದೀತು ಎಂದು ನೋಡಲಿಕ್ಕೆ. ಈರುಳ್ಳಿ ಭಜಿ ಕದ್ದು ತಿಂದ ನಾಯಿಯ ಪ್ರಸಂಗ ಅವರ ಕೈಯಲ್ಲಿ ಉಳಿಯಲಿಲ್ಲ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ರಕ್ತದ ಕೆಂಪುಕಣ ಒಡೆಯತೊಡಗುತ್ತವೆ. ಹತ್ತು ಕಿಲೋ ನಾಯಿಗೆ 150 ಗ್ರಾಂ, ಅಂದರೆ ಒಂದೆರಡು ಗಡ್ಡೆ. ಬೆಕ್ಕಿಗೆ ಕಿಲೋಗೆ 5 ಗ್ರಾಮೇ ಸಾಕು. ಬೇಯಿಸಿದರೂ ಕರಿದರೂ ಅದರ ವಿಷ ಹೋಗುವುದಿಲ್ಲ. ಮೋಸವೆಂದರೆ, ತಿಂದ ದಿನ ನಾಯಿ ಬಾಲ ಆಡಿಸಿಕೊಂಡು ಆರಾಮಾಗಿಯೇ ಇರುತ್ತದೆ. ಕೆಲವು ದಿನ ಕಳೆದ ಮೇಲೆ ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಭಜಿಯ ನೆನಪು ಯಾರಿಗಿರುತ್ತದೆ? ಹಾಗಾಗಿ ಭಜಿ ಹೋಗಿ ಆ ಜಾಗಕ್ಕೆ ಕಡಕ್ ರೊಟ್ಟಿ ಬಂತು. ನಗು ಕಮ್ಮಿಯಾಗಲಿಲ್ಲ. ಕದ್ದ ರೊಟ್ಟಿಯ ಕಟುಂ ಕುಟುಂ ಇಡೀ ಓಣಿಗೆ ಕೇಳುತ್ತದೆ, ಭಜಿಗೆ ಆ ಗುಣವಿಲ್ಲ.

ಜ್ವರ ಬಂದ ಬೆಕ್ಕಿಗೆ ಅಜ್ಜಿ ಅರ್ಧ ಪ್ಯಾರಾಸಿಟಮಾಲ್ ಕುಡಿಸುವ ಪ್ರಸಂಗವನ್ನಂತೂ ಬುಡಸಮೇತ ಕಿತ್ತರು. ಆ ಗುಳಿಗೆಯನ್ನು ಅರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ, ಅರ್ಧವೂ ಕೊಲ್ಲಬಹುದು. ಅಲ್ಲಿ ತಿದ್ದಲಿಕ್ಕೆ ಏನೂ ಇರಲಿಲ್ಲ. ಸ್ಕೂಟರ್ ಬೆನ್ನಟ್ಟುವ ನಾಯಿಗಳ ಕಂತಿಗೆ ಕೊನೆಯಲ್ಲಿ ಎರಡು ಸಾಲು ಸೇರಿಸಿದವರೂ ಅವರೇ: ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ, ಖಾರ, ಸುಣ್ಣ, ಅರಿಶಿನ ಯಾವುದೂ ಬೇಡ. ಹರಟೆಯ ಲಯ ಅಲ್ಲಿ ಮುರಿಯಿತು ಎಂದು ಕೆಲವರು ಬರೆದರು. ಮುರಿಯಲಿ ಬಿಡಿ.

ಎರಡನೆಯ ಶರಣು ಕರಡು ತಿದ್ದುವ ಮೇಷ್ಟ್ರಿಗೆ. ಅವರು ತಿದ್ದದೆ ಬಿಟ್ಟದ್ದಕ್ಕೆ. ‘ನಮ್ ಟೈಗರ್ ರೊಟ್ಟಿ ಮೂಸಿ ನೋಡಿ ಹಂಗೇ ಎದ್ ಹೋಗ್ತದ್ರಿ, ಬಿಸ್ಕೀಟ್ ಅಂದ್ರ ಮಾತ್ರ ಓಡಿ ಬರ್ತದ’ ಎಂಬುದು ‘ಎದ್ದು ಹೋಗುತ್ತದೆ, ಓಡಿ ಬರುತ್ತದೆ’ ಎಂದಾದರೆ ಅಲ್ಲಿ ಉಳಿಯುವುದು ನಾಯಿಯ ದಿನಚರಿ ಮಾತ್ರ. ಮಾತಾಡುವವರ ಬಾಯಿಂದ ಬಂದದ್ದು ಕಲಬುರಗಿ ಮಾತಿನಲ್ಲೇ, ಸುತ್ತಲಿನ ನಿರೂಪಣೆ ಪುಸ್ತಕದ ಕನ್ನಡದಲ್ಲಿ ಎಂಬ ಗೆರೆಯನ್ನು ಅವರು ನೂರು ಕಂತೂ ಕಾಯ್ದರು. ನಾಯಿಗೆ ಮಾತ್ರ ಯಾವ ಕನ್ನಡವೂ ಇಲ್ಲ. ಪ್ರಾಣಿಯ ಬಾಯಲ್ಲಿ ಮಾತು ಹಾಕಿದರೆ ಎರಡು ಕಂತು ಚೆನ್ನಾಗಿರುತ್ತದೆ, ಮೂರನೆಯದರಲ್ಲಿ ಅದು ಬಾಲವಿರುವ ಮನುಷ್ಯನಾಗಿಬಿಡುತ್ತದೆ.

ಪುಟ ಕಟ್ಟುವವರಿಗೂ ಋಣವಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದಾದ್ದರಿಂದ ನಗುವನ್ನು ಕೊನೆಯ ಪದದ ತನಕ ಹಿಡಿದಿಡಬಹುದು. ಆದರೆ ಆ ಸಾಲನ್ನೇ ಎತ್ತಿ ದಪ್ಪಕ್ಷರದಲ್ಲಿ ಪುಟದ ನಡುವೆ ಇಟ್ಟರೆ, ಇಲ್ಲವೇ ಚಿತ್ರದ ಅಡಿಬರಹದಲ್ಲಿ ಹೇಳಿಬಿಟ್ಟರೆ, 450 ಪದ ಬರೆದದ್ದು ದಂಡ. ಮೊದಮೊದಲು ಹಾಗೇ ಆಯಿತು. ಈಗ ಎತ್ತುವ ಸಾಲನ್ನು ಮೊದಲ ಮೂರನೇ ಒಂದು ಭಾಗದಿಂದಲೇ ಎತ್ತುತ್ತಾರೆ. ಕಪಾಟಿನಲ್ಲಿ ಸದಾ ಇರುವ ಎರಡು ಹೆಚ್ಚುವರಿ ಕಂತುಗಳಲ್ಲಿ ಮಳೆ-ಬಿಸಿಲಿನ ಮಾತು ಇರಕೂಡದು ಎಂದವರೂ ಅವರೇ. ಒದ್ದೆ ಬೆಕ್ಕಿನ ಹರಟೆ ಏಪ್ರಿಲ್‌ನಲ್ಲಿ ಅಚ್ಚಾದರೆ ಇಲ್ಲಿನವರಿಗೆ ನಗುವಲ್ಲ, ಹೊಟ್ಟೆಕಿಚ್ಚು ಬರುತ್ತದೆ.

ಇನ್ನು ಓದುಗರು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಮನೆಯೊಳಗಿನ ಶಹಾಬಾದ್ ಕಲ್ಲಿನ ಮೇಲೆ ನಾಯಿ ನಾಲ್ಕೂ ಕಾಲು ಚಾಚಿ ಹೊಟ್ಟೆ ಹಚ್ಚಿ ಬೀಳುವುದನ್ನು ಬರೆದಿದ್ದೆವು. ಮೈಯ ಬಿಸಿ ಇಳಿಸಲು ನಾಯಿಗೆ ಬೆವರಿನ ಆಸರೆಯಿಲ್ಲ, ಅಂಗಾಲಲ್ಲಿ ಚೂರು ಬೆವರುವುದನ್ನು ಬಿಟ್ಟರೆ. ತೇಕುವುದು ಮತ್ತು ತಂಪು ನೆಲ ಹುಡುಕುವುದು, ಇವೇ ಅದರ ದಾರಿ. ಅದೇ ಕಲ್ಲು ಅಂಗಳದಲ್ಲಿದ್ದರೆ ಮಧ್ಯಾಹ್ನ ಹಂಚಾಗುತ್ತದೆ ಎಂದು ನೆನಪಿಸಿದವರು ಯಾದಗಿರಿಯ ಅಕ್ಕಾರು: ಅಂಗೈಯ ಹಿಂಬದಿಯನ್ನು ನೆಲಕ್ಕೆ ಹಚ್ಚಿ ಏಳು ಎಣಿಸಬೇಕು, ತಡೆಯಲಾಗದಿದ್ದರೆ ನಾಯಿಯನ್ನು ಹೊರಗೆ ಒಯ್ಯಬಾರದು. ನಾಯಿಯ ಮೈ ಸಹಜವಾಗಿಯೇ 38ರಿಂದ 39 ಡಿಗ್ರಿ ಇರುತ್ತದೆ, 40 ದಾಟಿದರೆ ಅಪಾಯ. ಆಗ ನೀರು ಸುರಿಯುತ್ತಲೇ ವೈದ್ಯರ ಬಳಿ ಓಡಬೇಕು. ಟಾಕಿಯ ನೀರು ಆ ಹೊತ್ತಿಗೆ ಚಹಾಕ್ಕೆ ಇಟ್ಟಂತಿರುತ್ತದೆ, ಗಡಿಗೆಯ ನೀರೇ ಆಗಬೇಕು ಎಂದೂ ಅವರೇ ಬರೆದರು. ವೈದ್ಯರು ಇದಕ್ಕೆ ಒಂದಕ್ಷರವೂ ಸೇರಿಸಲಿಲ್ಲ.

ಗಿಣಿಯ ಕತೆ ಕಳಿಸಿದವರ ಕ್ಷಮೆ ಕೇಳಬೇಕು. ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯೂ ಅಷ್ಟೇ. ಪಂಜರದ ಫೋಟೋ ಸಮೇತ ಅಚ್ಚು ಹಾಕಿದರೆ ಓದುಗರನ್ನು ನಾವೇ ಹಿಡಿದುಕೊಟ್ಟಂತೆ. ಅವುಗಳಲ್ಲಿ ಕೆಲವು ಭಾರಿ ಚೆನ್ನಾಗಿದ್ದವು, ಖರೇನೂ ಹೊಟ್ಟೆ ಉರಿಯಿತು.

ನೂರಾ ಒಂದನೆಯದಕ್ಕೆ ಪತ್ರ ಬರಲಿ. ಪ್ರಾಣಿಯ ವಯಸ್ಸು, ತೂಕ, ಏನು ಕದ್ದಿತು, ಎಷ್ಟು ಹೊತ್ತಿಗೆ, ಮನೆಯಲ್ಲಿ ಮೊದಲು ಬೈಗಳು ತಿಂದವರು ಯಾರು, ಇಷ್ಟು ಬರೆದರೆ ಸಾಕು. ಫೋಟೋವನ್ನು ನಿಂತು ತೆಗೆಯಬೇಡಿ, ಅದರ ಕಣ್ಣಿನ ಎತ್ತರಕ್ಕೆ ಕೂತು ತೆಗೆಯಿರಿ. ಗಿಣಿ ಬೇಡ.